ಒಂದೇ ಸರ್ವರ್‌ನಿಂದ ಮೂವತ್ತು ಕಂಪ್ಯೂಟರ್: ನೆಟ್‌ವರ್ಕ್ ಬೂಟ್‌ನ ಹಳೆಯ ನಂಬಿಕೆ

ಡಿಸ್ಕ್ ಖಾಲಿಯಿರುವ ಕಂಪ್ಯೂಟರನ್ನು ನೆಟ್‌ವರ್ಕಿನಿಂದ ಬೂಟ್ ಮಾಡಲು, ಅಂದರೆ ಚಾಲೂ ಮಾಡಲು, ಹೊರಟರೆ, ಅದಕ್ಕೆ ತನ್ನ ವಿಳಾಸವೇ ಗೊತ್ತಿರುವುದಿಲ್ಲ. ನೆಟ್‌ವರ್ಕಿನಲ್ಲಿರುವ ಎಲ್ಲರನ್ನೂ ಕೂಗಿ ಕೇಳುತ್ತದೆ, ಉತ್ತರ ಕೊಟ್ಟವರನ್ನು ನಂಬುತ್ತದೆ. ತುಮಕೂರಿನ ಕಾಲೇಜೊಂದರ ಲ್ಯಾಬಿನಲ್ಲಿ ಪೆನ್‌ಡ್ರೈವ್ ಹಿಡಿದು ಯಂತ್ರದಿಂದ ಯಂತ್ರಕ್ಕೆ ಅಲೆಯುವ ಬದಲು ಒಂದೇ ಸರ್ವರ್‌ನಿಂದ ಉಬುಂಟು ಆಪರೇಟಿಂಗ್ ಸಿಸ್ಟಂ ಹಾಕಲು ಹೊರಟವರನ್ನು ಕಾಡುವ ತೊಡಕುಗಳಲ್ಲಿ ಹಲವು ಈ ನಂಬಿಕೆಯಿಂದಲೇ ಹುಟ್ಟಿದವು.

ನಂಬಲು ಆಗ ಕಾರಣವಿತ್ತು. 1980ರ ದಶಕದಲ್ಲಿ ಹಾರ್ಡ್ ಡಿಸ್ಕ್ ದುಬಾರಿ. ಸನ್ ಮೈಕ್ರೋಸಿಸ್ಟಮ್ಸ್ ಡಿಸ್ಕ್ ಇಲ್ಲದ ವರ್ಕ್‌ಸ್ಟೇಷನ್‌ಗಳನ್ನೇ ಮಾರುತ್ತಿತ್ತು. ಅವುಗಳ ಪುಟ್ಟ ರೋಮ್ (ಅಳಿಯದ ಸ್ಮೃತಿ) ಚಿಪ್ಪಿನಲ್ಲಿ ಹಿಡಿಸುವಷ್ಟು ಸರಳವಾದ ವಿಧಾನ ಬೇಕಿತ್ತು. 1981ರ ಟಿಎಫ್‌ಟಿಪಿ ಎಂಬ ಕಡತ ಸಾಗಿಸುವ ವಿಧಾನ ಅಂಥದ್ದು: ಪಾಸ್‌ವರ್ಡ್ ಕೇಳುವುದಿಲ್ಲ, 512 ಬೈಟ್‌ಗಳ ತುಂಡು ಕಳಿಸಿ, ತಲುಪಿತೆಂಬ ಉತ್ತರ ಬಂದ ಮೇಲೆಯೇ ಮುಂದಿನದನ್ನು ಕಳಿಸುತ್ತದೆ. ವಿಳಾಸ ಹೇಳಲು 1985ರಲ್ಲಿ ಬೂಟ್‌ಪಿ ಬಂತು, 1993ರಲ್ಲಿ ಅದನ್ನೇ ಹಿಗ್ಗಿಸಿದ ಡಿಎಚ್‌ಸಿಪಿ. ಇವೆಲ್ಲವನ್ನೂ ಒಟ್ಟುಗೂಡಿಸಿ ಸಾಮಾನ್ಯ ಪಿಸಿಗಳಿಗೆ ತಂದದ್ದು ಇಂಟೆಲ್‌ನ ಪಿಎಕ್ಸ್‌ಇ ಎಂಬ ನೆಟ್‌ವರ್ಕ್ ಬೂಟ್ ವಿಧಾನ. ಇಂದಿಗೂ ಆಧಾರವಾಗಿರುವ ಅದರ 2.1 ಆವೃತ್ತಿ 1999ರದು.

ಈಗಿನ ಲ್ಯಾಬಿನಲ್ಲಿ ಬ್ರಾಡ್‌ಬ್ಯಾಂಡ್ ರೌಟರ್ ಆಗಲೇ ಡಿಎಚ್‌ಸಿಪಿ ನಡೆಸುತ್ತಿರುತ್ತದೆ. ಅದು ವಿಳಾಸ ಕೊಡುತ್ತದೆ, ಬೂಟ್ ಆಗಲು ಮೊದಲು ತರಿಸಿಕೊಳ್ಳಬೇಕಾದ ಕಡತದ ಹೆಸರು ಹೇಳುವುದಿಲ್ಲ. ಪರದೆಯ ಮೇಲೆ 'ಪಿಎಕ್ಸ್‌ಇ-ಇ53' ದೋಷ ಕಾಣಿಸುತ್ತದೆ. ಇದನ್ನು ಕಂಡು ಎರಡನೆಯ ಡಿಎಚ್‌ಸಿಪಿ ಸರ್ವರ್ ಹೂಡಿದರೆ, ಎರಡೂ ತಮ್ಮ ತಮ್ಮ ಲೆಕ್ಕದಲ್ಲಿ ವಿಳಾಸ ಹಂಚಿ ಇಡೀ ಕಟ್ಟಡದ ಇಂಟರ್ನೆಟ್ ಕೆಡಬಹುದು, ಬೈಗುಳ ಲ್ಯಾಬ್ ಸಿಬ್ಬಂದಿಗೆ. ಡಿಎನ್‌ಎಸ್‌ಮಾಸ್ಕ್ ತಂತ್ರಾಂಶದ ಪ್ರಾಕ್ಸಿ ವಿಧಾನ ಇದಕ್ಕೆ ಸರಿಯಾದ ಮದ್ದು: ವಿಳಾಸ ಹಂಚುವುದು ರೌಟರ್‌ನದೇ ಕೆಲಸ, ಸರ್ವರ್ ಕಡತದ ಹೆಸರನ್ನಷ್ಟೇ ಸೇರಿಸುತ್ತದೆ.

ಟಿಎಫ್‌ಟಿಪಿಯ ತುಂಡುಗಳ ಸಂಖ್ಯೆ 16 ಬಿಟ್‌ನದು, ಅಂದರೆ ಸುಮಾರು 65 ಸಾವಿರದವರೆಗೆ ಮಾತ್ರ ಎಣಿಸಬಲ್ಲದು. ಹಾಗಾಗಿ ಮೂಲ ನಿಯಮದಲ್ಲಿ ಸುಮಾರು 32 ಎಂಬಿಗಿಂತ ದೊಡ್ಡ ಕಡತ ಸಾಗದು. 1995ರಲ್ಲಿ ತುಂಡಿನ ಗಾತ್ರ ಹಿಗ್ಗಿಸಲು ಅವಕಾಶ ಬಂದರೂ ನಿಧಾನಗತಿ ಪೂರ್ತಿ ಹೋಗಲಿಲ್ಲ. ಆದ್ದರಿಂದ ಆಪರೇಟಿಂಗ್ ಸಿಸ್ಟಂ ಶುರುಮಾಡುವ ಪುಟ್ಟ ತಂತ್ರಾಂಶವಾದ ಬೂಟ್ ಲೋಡರ್ ಮಾತ್ರ ಟಿಎಫ್‌ಟಿಪಿಯಲ್ಲಿ, ಉಳಿದದ್ದು ವೆಬ್‌ಪುಟಗಳು ಬರುವ ಎಚ್‌ಟಿಟಿಪಿಯಲ್ಲಿ ಬರುವುದು ಈಗಿನ ರೂಢಿ. ಅಷ್ಟಾದರೂ ಹಳೆಯ 100 ಎಂಬಿಪಿಎಸ್ ನೆಟ್‌ವರ್ಕ್ ಸ್ವಿಚ್‌ನಲ್ಲಿ (ಕಂಪ್ಯೂಟರ್‌ಗಳ ಕೇಬಲ್‌ಗಳನ್ನು ಜೋಡಿಸುವ ಪೆಟ್ಟಿಗೆ) 5 ಜಿಬಿ ಇಮೇಜ್ (ಸಿಸ್ಟಂನ ಪೂರ್ಣ ಪ್ರತಿ) ಮೂವತ್ತು ಯಂತ್ರಗಳಿಗೆ ತಲುಪಲು ಮೂರು ಗಂಟೆಗೂ ಹೆಚ್ಚು ಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಗಿಗಾಬಿಟ್ ಸ್ವಿಚ್ ತಂದರೆ ಲೆಕ್ಕದ ಪ್ರಕಾರ ಅದು ಇಪ್ಪತ್ತು ನಿಮಿಷದ ಆಸುಪಾಸಿಗೆ ಇಳಿಯುತ್ತದೆ. ಕೇಬಲ್, ನೆಟ್‌ವರ್ಕ್ ಕಾರ್ಡ್ ಮತ್ತು ಸರ್ವರ್‌ನ ಡಿಸ್ಕ್ ಆ ವೇಗ ತಾಳಬೇಕು, ಅಷ್ಟೆ.

ಯಂತ್ರ ಚಾಲೂ ಆದೊಡನೆ ಓಡುವ ಮೂಲ ತಂತ್ರಾಂಶವೂ ಎರಡು ಬಗೆ: ಹಳೆಯ ಬಯೋಸ್ ಯಂತ್ರಕ್ಕೊಂದು ಲೋಡರ್, ಹೊಸ ಯುಇಎಫ್‌ಐ ಯಂತ್ರಕ್ಕೆ ಇನ್ನೊಂದು. ಯುಇಎಫ್‌ಐ ಜೊತೆಗೆ ಬಂದ ಸೆಕ್ಯೂರ್ ಬೂಟ್ ಕೊನೆಗೂ ಹಳೆಯ ನಂಬಿಕೆಗೆ ಕಡಿವಾಣ ಹಾಕಿತು, ಆದರೆ ಅರ್ಧ ಮಾತ್ರ: ಲೋಡರ್‌ನ ಡಿಜಿಟಲ್ ಸಹಿಯನ್ನು ಪರೀಕ್ಷಿಸುತ್ತದೆ, ಕೊಟ್ಟ ಸರ್ವರ್ ಯಾರದೆಂದು ಕೇಳುವುದಿಲ್ಲ. ವಿದ್ಯಾರ್ಥಿಯೊಬ್ಬ ತನ್ನ ಲ್ಯಾಪ್‌ಟಾಪಿನಿಂದಲೇ ಉತ್ತರ ಕೊಡತೊಡಗಿದರೆ ಹೊಸ ಯಂತ್ರಗಳೂ ಅವನತ್ತ ತಿರುಗಬಹುದು. ಲ್ಯಾಬಿಗೆ ಪ್ರತ್ಯೇಕ ವಿಲ್ಯಾನ್ (ಅದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ನೆಟ್‌ವರ್ಕ್) ಮಾಡಿ, ಡಿಎಚ್‌ಸಿಪಿ ಉತ್ತರಗಳನ್ನು ಸರ್ವರ್ ಮತ್ತು ರೌಟರ್ ಇರುವ ಪೋರ್ಟ್‌ಗಳಿಂದ ಮಾತ್ರ ಒಪ್ಪುವಂತೆ ಸ್ವಿಚ್ಚಿಗೆ ಹೇಳುವುದು ಇದಕ್ಕಾಗಿಯೇ.