36 ಪ್ರಶ್ನೆ 16 ಆದಾಗ ಬಿಟ್ಟುಹೋದದ್ದೇನು?

"ಬೇಜಾರಾದಾಗ ಬೇರೆ ಯಾವುದರ ಮೇಲೂ ಗಮನ ಇಡಲು ನನಗೆ ಕಷ್ಟವಾಗುತ್ತದೆ." ಈ ಮಾತು ನಿಮ್ಮ ಮಟ್ಟಿಗೆ ಎಷ್ಟು ಸಲ ನಿಜ? ಬಹುತೇಕ ಯಾವತ್ತೂ ಇಲ್ಲ ಅಂದರೆ 1. ಬಹುತೇಕ ಯಾವಾಗಲೂ ಅಂದರೆ 5.

ಇಂಥ 36 ಮಾತುಗಳ ಪ್ರಶ್ನಾವಳಿಯೊಂದನ್ನು ಅಮೆರಿಕದ ಮನೋವಿಜ್ಞಾನಿಗಳಾದ ಕಿಮ್ ಗ್ರಾಟ್ಜ್ ಮತ್ತು ಲಿಜಬೆತ್ ರೋಮರ್ 2004ರಲ್ಲಿ ಪ್ರಕಟಿಸಿದರು. ಹೆಸರು ಡಿಇಆರ್‌ಎಸ್. ಭಾವನೆಗಳನ್ನು ನಿಭಾಯಿಸಲು ಒಬ್ಬರಿಗೆ ಎಷ್ಟು ಕಷ್ಟವಾಗುತ್ತಿದೆ ಎಂದು ಅದು ಅಳೆಯುತ್ತದೆ. ನಿಭಾಯಿಸುವುದು ಅಂದರೆ ಸಿಟ್ಟು ನುಂಗಿಕೊಂಡು ಸುಮ್ನೆ ಇರುವುದಲ್ಲ. ಒಳಗೆ ಏನಾಗುತ್ತಿದೆ ಎಂದು ಗಮನಿಸಬೇಕು, ಅದು ಏನೆಂದು ತಿಳಿಯಬೇಕು, ಹಾಗನ್ನಿಸಿದ್ದಕ್ಕೆ ತನ್ನನ್ನೇ ಬೈದುಕೊಳ್ಳಬಾರದು. ದುಡುಕದೆ, ಹಿಡಿದ ಕೆಲಸ ಬಿಡದೆ, ಸಮಾಧಾನಕ್ಕೆ ಒಂದು ದಾರಿಯೂ ಗೊತ್ತಿರಬೇಕು. ಹೀಗೆ ಒಟ್ಟು ಆರು ಭಾಗ.

ಒಳ್ಳೆಯ ಪ್ರಶ್ನಾವಳಿಯೇ. ಆದರೆ ಉದ್ದ. ಮನಸ್ಸು ಕುಗ್ಗಿ ಬಂದವರ ಕೈಗೆ ಇದರ ಜೊತೆ ಇನ್ನೂ ನಾಲ್ಕು ಫಾರ್ಮ್ ಕೊಟ್ಟರೆ ಏನಾಗುತ್ತದೆ? ಅರ್ಧ ದಾಟುವಷ್ಟರಲ್ಲಿ ಓದುವುದು ನಿಲ್ಲುತ್ತದೆ, ಕೈ ಮಾತ್ರ 3, 3, 3 ಎಂದು ಗುರುತು ಹಾಕುತ್ತಾ ಹೋಗುತ್ತದೆ. ಚಿಕಿತ್ಸೆಯಿಂದ ಗುಣ ಕಾಣುತ್ತಿದೆಯಾ ಎಂದು ಪ್ರತಿ ವಾರ ಕೇಳಬೇಕಾದಾಗಲಂತೂ ಇದು ಇನ್ನೂ ಕಷ್ಟ.

ಪ್ರಶ್ನೆ ಕಡಿಮೆಯಾದರೆ ಅಳತೆಯನ್ನು ಎಷ್ಟು ನಂಬಬಹುದು ಎಂಬುದೂ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಆದರೆ ಮೂಲ ಪಟ್ಟಿಯನ್ನು ನೋಡಿ: ಬೇಜಾರಾಗಿದ್ದಕ್ಕೆ ನನ್ನ ಮೇಲೇ ಸಿಟ್ಟು ಬರುತ್ತದೆ, ನಾಚಿಕೆಯಾಗುತ್ತದೆ, ಮುಜುಗರವಾಗುತ್ತದೆ, ತಪ್ಪು ಮಾಡಿದೆ ಅನ್ನಿಸುತ್ತದೆ. ಒಂದಕ್ಕೆ 5 ಕೊಟ್ಟವರು ಉಳಿದವಕ್ಕೂ ಹೆಚ್ಚುಕಡಿಮೆ ಅಷ್ಟೇ ಕೊಡುತ್ತಾರೆ, ಅಲ್ವಾ? ಇಂಥ ಅಕ್ಕತಂಗಿಯರಂಥ ಪ್ರಶ್ನೆಗಳಲ್ಲಿ ಒಂದೆರಡನ್ನು ಬಿಟ್ಟರೂ ನಷ್ಟ ಜಾಸ್ತಿ ಇಲ್ಲ.

2016ರ ಒಂದೇ ವರ್ಷದಲ್ಲಿ ಮೂರು ಚಿಕ್ಕ ರೂಪಗಳು ಬಂದವು. ಎರಡರಲ್ಲಿ 18 ಪ್ರಶ್ನೆ, ಒಂದರಲ್ಲಿ 16. ಈ 16ರದ್ದನ್ನು ಕಟ್ಟಿದವರಲ್ಲಿ ಗ್ರಾಟ್ಜ್ ಅವರೂ ಇದ್ದರು. ನನಗೆ ತುಂಬ ಮುಖ್ಯ ಅನ್ನಿಸುವ ವ್ಯತ್ಯಾಸ ಇಲ್ಲೇ ಇದೆ. 18ರ ರೂಪಗಳು ಆರೂ ಭಾಗಗಳಿಂದ ಮೂರು ಮೂರು ಪ್ರಶ್ನೆ ಉಳಿಸಿಕೊಂಡವು. 16ರದ್ದು 'ಗಮನಿಸುವುದು' ಎಂಬ ಭಾಗವನ್ನೇ ಕೈಬಿಟ್ಟಿತು.

ಏಕೆಂದರೆ ಆ ಭಾಗ ಉಳಿದ ಐದರ ಜೊತೆ ಸರಿಯಾಗಿ ಹೊಂದುತ್ತಿರಲಿಲ್ಲ. ಅದರ ಎಲ್ಲ ಮಾತುಗಳೂ "ನನ್ನ ಭಾವನೆಗಳಿಗೆ ಗಮನ ಕೊಡುತ್ತೇನೆ" ಎಂಬಂಥವು. ಅಲ್ಲಿ ಹೆಚ್ಚು ಅಂಕ ಅಂದರೆ ಕಷ್ಟ ಕಡಿಮೆ, ಹಾಗಾಗಿ ಅಂಕ ತಿರುವಿ, 5 ಅನ್ನು 1 ಎಂದು, 1 ಅನ್ನು 5 ಎಂದು ಲೆಕ್ಕ ಹಾಕಬೇಕು. ಜೊತೆಗೆ, ಜಾಸ್ತಿ ಗಮನ ಯಾವಾಗಲೂ ಒಳ್ಳೆಯದೂ ಅಲ್ಲ. ಗಾಬರಿಯಲ್ಲಿರುವವರು ತಮ್ಮ ಎದೆಬಡಿತವನ್ನೇ ಕೇಳುತ್ತಾ ಕೂತಿರುತ್ತಾರೆ. ಕೈಬಿಟ್ಟದ್ದಕ್ಕೆ ಕಾರಣ ಇದೆ, ಒಪ್ಪುತ್ತೇನೆ. ಆದರೂ "ನನಗೇನೂ ಅನ್ನಿಸುವುದೇ ಇಲ್ಲ" ಎನ್ನುವವರ ಕಷ್ಟ ಈ 16ರಲ್ಲಿ ಕಾಣದೆ ಹೋಗಬಹುದು. ಅಂಥವರ ಜೊತೆ ಕೆಲಸ ಮಾಡುವವರಿಗೆ 18ರ ರೂಪವೇ ಸರಿ ಎಂದು ನನ್ನ ಅನಿಸಿಕೆ.

ಕನ್ನಡದಲ್ಲಿ ಕೇಳುವಾಗ ಇನ್ನೊಂದು ತೊಡಕಿದೆ. 16ರಲ್ಲಿ 14 ಮಾತುಗಳು "ನಾನು ಅಪ್‌ಸೆಟ್ ಆದಾಗ" ಎಂದೇ ಶುರುವಾಗುತ್ತವೆ. ನಾನು ಮೇಲೆ ಬೇಜಾರು ಎಂದು ಬರೆದೆ. ಆದರೆ ಮಳೆಯಲ್ಲಿ ಮನೆಯೊಳಗೇ ಕೂತರೂ ಬೇಜಾರು, ಗೆಳತಿ ಮಾತು ಬಿಟ್ಟರೂ ಬೇಜಾರು. "ಮನಸ್ಸು ಕೆಟ್ಟಾಗ" ಅನ್ನಬಹುದಾ? "ತಳಮಳವಾದಾಗ"? ಒಂದು ಪದ ತಪ್ಪಿದರೆ 14 ಉತ್ತರಗಳೂ ಒಟ್ಟಿಗೆ ವಾಲುತ್ತವೆ. ಅದಕ್ಕೇ ಅನುವಾದ ಮುಗಿದ ಮೇಲೆ ಹತ್ತಾರು ಜನರನ್ನು ಕೂರಿಸಿ, ಈ ಮಾತು ಕೇಳಿದಾಗ ನಿಮಗೆ ಯಾವ ದಿನ ನೆನಪಾಯಿತು ಎಂದು ಕೇಳಬೇಕು.