ವಲಯೀಕರಣ: ಬಂಡೆಯ ಮೇಲೆ ಬಾರ್ನಕಲ್‌ಗಳ ಪಟ್ಟೆ

ನೀರು ಇಳಿದಾಗ ಕಡಲತೀರದ ಬಂಡೆಯನ್ನು ಹತ್ತಿರದಿಂದ ನೋಡಿದ್ದೀರಾ? ಬೂದುಬಿಳಿ ಬಣ್ಣದ, ತುದಿ ಮೊಂಡಾದ ಪುಟ್ಟ ಗೋಪುರಗಳು ಒತ್ತೊತ್ತಾಗಿ ಅಂಟಿಕೊಂಡಿರುತ್ತವೆ. ಬರಿಗಾಲಲ್ಲಿ ಹತ್ತಿದರೆ ಅಂಗಾಲು ತರಚುತ್ತದೆ. ಅವೇ ಬಾರ್ನಕಲ್‌ಗಳು. ಚಿಪ್ಪು ನೋಡಿದರೆ ಮಳಿ, ಕಪ್ಪೆಚಿಪ್ಪಿನ ಕಡೆಯವು ಅನ್ನಿಸುತ್ತದೆ, ಅಲ್ವಾ? ಅಸಲಿಗೆ ಇವು ಸೀಗಡಿ, ಏಡಿಗಳ ನೆಂಟರು.

ಕೆಲವು ತೀರಗಳಲ್ಲಿ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದರೆ ಮೇಲೊಂದು ಜಾತಿ, ಕೆಳಗೊಂದು ಜಾತಿ, ಬಂಡೆಗೆ ಪಟ್ಟೆ ಬಳಿದಂತೆ ಕಾಣುತ್ತದೆ. ಉಬ್ಬರದ ಗೆರೆಗೂ ಇಳಿತದ ಗೆರೆಗೂ ನಡುವೆ ಜೀವಿಗಳು ಹೀಗೆ ಪಟ್ಟೆಪಟ್ಟೆಯಾಗಿ ನೆಲೆಸುವುದೇ ವಲಯೀಕರಣ. ಹೆಸರು ಭಾರ. ವಿಷಯ ಮಾತ್ರ ಬಸ್ಸಿನ ಸೀಟಿನ ಜಗಳದಂಥದ್ದು.

ಬಾರ್ನಕಲ್ ಓಡಾಡುವುದು ಮರಿಯಾಗಿದ್ದಾಗ ಮಾತ್ರ. ಕೊನೆಯ ಹಂತದ ಮರಿ ಮೀಸೆಯಂಥ ಕುಡಿಗಳನ್ನೇ ಕಾಲು ಮಾಡಿಕೊಂಡು ಬಂಡೆಯ ಮೇಲೆ ನಡೆಯುತ್ತಾ ಜಾಗ ಪರೀಕ್ಷಿಸುತ್ತದೆ. ತನ್ನವರ ಗುರುತು ಸಿಕ್ಕಿದರೆ ಅಲ್ಲೇ ಅಂಟು ಸುರಿಸಿ, ತಲೆ ಕೆಳಗಾಗಿ ಕೂತುಬಿಡುತ್ತದೆ. ಮತ್ತೆ ಏಳುವ ಮಾತಿಲ್ಲ. ಅಕ್ಕಪಕ್ಕ ತನ್ನವರೇ ಇರಬೇಕು, ಯಾಕೆಂದರೆ ಕೂತಲ್ಲಿಂದಲೇ ಪಕ್ಕದವರೊಂದಿಗೆ ಕೂಡಬೇಕು. ಅದಕ್ಕೆಂದೇ ಇವುಗಳ ಶಿಶ್ನ ದೇಹಕ್ಕಿಂತ ಹಲವು ಪಟ್ಟು ಉದ್ದ! ಹಾಗಂತ ಮೈಗೆ ಮೈ ತಾಗಿಸಿಯೂ ಕೂರುವುದಿಲ್ಲ. ಬೆಳೆಯಲು ಸ್ವಲ್ಪ ಜಾಗ ನೋಡಿಕೊಳ್ಳುತ್ತವೆ. ಮರಿಗಳು ಜಾಸ್ತಿ ಬಂದ ವರ್ಷ ಈ ಲೆಕ್ಕವೆಲ್ಲ ತಪ್ಪುತ್ತದೆ. ಅಗಲವಾಗಲು ಜಾಗವಿಲ್ಲದೆ ಕಂಬದ ಹಾಗೆ ಉದ್ದುದ್ದ ಬೆಳೆಯುತ್ತವೆ.

ಪಟ್ಟೆಯ ಗುಟ್ಟು ಬಿಡಿಸಿದ್ದು ಪರಿಸರ ವಿಜ್ಞಾನಿ ಜೋಸೆಫ್ ಕಾನೆಲ್, ಸ್ಕಾಟ್ಲೆಂಡಿನ ಕಂಬ್ರೇ ದ್ವೀಪದಲ್ಲಿ. 1961ರಲ್ಲಿ ಪ್ರಕಟವಾದ ಕೆಲಸ ಅದು. ಅಲ್ಲಿ ಮೇಲಿನ ಪಟ್ಟೆ ಥಮಾಲಸ್ ಎಂಬ ಸಣ್ಣ ಜಾತಿಯದು, ಕೆಳಗಿನದು ಬಲಾನಸ್‌ನದು. ಥಮಾಲಸ್ ಮರಿಗಳು ಕೆಳಗೂ ಬಂದು ಕೂರುತ್ತಿದ್ದವು, ಆದರೆ ದೊಡ್ಡವಾಗುವಷ್ಟರಲ್ಲಿ ಹೆಚ್ಚಿನವು ನಾಪತ್ತೆ. ಕಾನೆಲ್ ಒಂದು ಭಾಗದಲ್ಲಿ ಥಮಾಲಸ್ ಸುತ್ತಲಿನ ಬಲಾನಸ್‌ಗಳನ್ನು ಸೂಜಿಯಿಂದ ಎಬ್ಬಿಸಿ ತೆಗೆದರು. ಪಕ್ಕದ ಭಾಗವನ್ನು ಸುಮ್ನೆ ಬಿಟ್ಟರು. ತೆಗೆದ ಕಡೆ ಥಮಾಲಸ್ ಕೆಳಗೂ ಚೆನ್ನಾಗಿಯೇ ಬದುಕಿತು. ಬಿಟ್ಟ ಕಡೆ ಬಲಾನಸ್ ಬೇಗ ಬೆಳೆದು ಅದರ ಮೇಲೇರಿತು, ಬುಡಕ್ಕೆ ನುಗ್ಗಿ ಎಬ್ಬಿಸಿತು, ಪಕ್ಕದಿಂದ ಒತ್ತಿ ಪುಡಿ ಮಾಡಿತು.

ಹಾಗಾದರೆ ಬಲಾನಸ್ ಮೇಲಿನ ಪಟ್ಟೆಯನ್ನೂ ಯಾಕೆ ಹಿಡಿಯಲಿಲ್ಲ? ಅಲ್ಲಿ ನೀರು ಬರುವುದೇ ಕಡಿಮೆ ಹೊತ್ತು. ಬಿಸಿಲು ಗಾಳಿಗೆ ಅದು ಒಣಗಿ ಸಾಯುತ್ತದೆ, ಥಮಾಲಸ್ ತಾಳಿಕೊಳ್ಳುತ್ತದೆ. ಇನ್ನು ಕೆಳಗಡೆ ಬಲಾನಸ್‌ಗೂ ನೆಮ್ಮದಿಯಿಲ್ಲ. ಚಿಪ್ಪು ತೆರೆದು ತಿನ್ನುವ ಶಂಖದ ಹುಳುಗಳು ಅಲ್ಲಿ ಕಾದಿರುತ್ತವೆ.