ಡೈರೆಕ್ಟ್ ಎಂದರೆ ಯಾವ ಡೈರೆಕ್ಟ್?

ದಾವಣಗೆರೆಯಲ್ಲಿ ಮನೆಯ ಕಂಪ್ಯೂಟರಿನ ಮುಂದೆ ಕುಳಿತು ಫ್ಲೈಟ್ ಸಿಮ್ಯುಲೇಟರ್, ಅಂದರೆ ಪರದೆಯ ಮೇಲಿನ ವಿಮಾನ, ಹಾರಿಸುವ ಗೆಳೆಯರು ನಾಲ್ಕಾರು ಮಂದಿ ಇದ್ದಾರೆ. ವಿಮಾನ ನಿಲ್ದಾಣವಿಲ್ಲದ ಊರಿನವರಿಗೇ ಈ ಹುಚ್ಚು ಹೆಚ್ಚೆಂದು ಕಾಣುತ್ತದೆ. ಅವರಲ್ಲೊಬ್ಬರು ಕಳೆದ ವಾರ ಅದರ ನಕ್ಷೆಯಲ್ಲಿ ಬೆಂಗಳೂರಿನಿಂದ ಮುಂಬೈವರೆಗೆ ಒಂದೇ ಗೆರೆ ಎಳೆದು, “ನೋಡಿ ಸಾರ್, ಏರ್‌ಲೈನಿನವರ ಹಾಗೆಯೇ ಡೈರೆಕ್ಟ್ ರೂಟ್ ಹಾಕಿದ್ದೀನಿ” ಎಂದರು. ಈ ಮಾತನ್ನು ಇಷ್ಟು ಸಲ ಕೇಳಿದ್ದೇನೆಂದರೆ, ಇನ್ನು ಸುಮ್ಮನಿರುವುದು ಕಷ್ಟ. ಏರ್‌ಲೈನಿನವರ ಡೈರೆಕ್ಟ್ ಬೇರೆ, ಆ ಗೆರೆಯ ಡೈರೆಕ್ಟ್ ಬೇರೆ.

ಏರ್‌ಲೈನಿನ ಡೈರೆಕ್ಟ್ ಟಿಕೆಟ್ಟಿಗೆ ಸಂಬಂಧಿಸಿದ್ದು. ಹೊರಟಲ್ಲಿಂದ ಸೇರುವಲ್ಲಿಯವರೆಗೆ ಟಿಕೆಟ್ಟಿನ ಮೇಲಿನ ಫ್ಲೈಟ್ ನಂಬರ್ ಒಂದೇ ಇದ್ದರೆ ಅದು ಡೈರೆಕ್ಟ್. ನಡುವೆ ಎಲ್ಲೋ ಇಳಿದರೂ ಡೈರೆಕ್ಟೇ. ಕ್ವಾಂಟಾಸ್ ಸಂಸ್ಥೆಯ ಕ್ಯೂಎಫ್ 1 ಸಿಡ್ನಿಯಿಂದ ಹೊರಟು ಸಿಂಗಪುರದಲ್ಲಿ ಇಳಿದು ಲಂಡನ್ನಿಗೆ ಹೋಗುತ್ತದೆ. ಅದನ್ನು ಸಿಮ್ಯುಲೇಟರಿನಲ್ಲಿ ಹಾರಿಸಬೇಕೆಂದಿದ್ದರೆ ಎರಡು ಪ್ರತ್ಯೇಕ ಹಾರಾಟ ಯೋಜನೆಗಳನ್ನು (ಯಾವ ದಾರಿಯಲ್ಲಿ ಹೋಗುವುದೆಂದು ಮೊದಲೇ ಬರೆದಿಡುವ ವಿವರಗಳನ್ನು) ಸಿದ್ಧಪಡಿಸಬೇಕು. ಎಲ್ಲಿಯೂ ಇಳಿಯದ ಹಾರಾಟಕ್ಕೆ ನಾನ್‌ಸ್ಟಾಪ್ ಎಂಬ ಬೇರೆಯೇ ಹೆಸರಿದೆ. ಈ ವ್ಯತ್ಯಾಸ ನಮ್ಮ ಬಸ್ ನಿಲ್ದಾಣದಲ್ಲಿ ಯಾರಿಗೂ ಹೊಸದಲ್ಲ. ಬೆಂಗಳೂರಿಗೆ ಡೈರೆಕ್ಟ್ ಬಸ್ ಇದೆಯೇ ಎಂದು ಕೇಳುವವರಿಗೆ ಅದು ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರುಗಳಲ್ಲಿ ನಿಲ್ಲುತ್ತದೆಂಬುದು ಗೊತ್ತಿರುತ್ತದೆ. ಅವರಿಗೆ ಬೇಕಾದದ್ದು ನಡುವೆ ಇಳಿದು ಇನ್ನೊಂದು ಬಸ್ ಹತ್ತುವ ತಾಪತ್ರಯ ಇರಬಾರದೆಂಬುದು ಮಾತ್ರ. ಎಲ್ಲಿಯೂ ನಿಲ್ಲದ ಬಸ್ಸಿಗೆ ‘ತಡೆರಹಿತ’ ಎಂದು ಬೋರ್ಡು ಹಾಕಿರುತ್ತಾರೆ. ಇಷ್ಟು ಸ್ಪಷ್ಟವಾದ ಜೋಡಿ ಪದಗಳು ಕೈಯಲ್ಲಿರುವಾಗ ಪತ್ರಿಕೆಗಳು ಎರಡಕ್ಕೂ ‘ನೇರ ವಿಮಾನ’ ಎಂದೇ ಬರೆಯುತ್ತವೆ.

ಗೊಂದಲಕ್ಕೆ ಈ ‘ನೇರ’ವೂ ಒಂದು ಕಾರಣ. ‘ನೇರ’ ದ್ರಾವಿಡ ಮೂಲದ ಪದ: ತಮಿಳಿನಲ್ಲಿ ‘ನೇರ್’ ಎಂದರೆ ಡೊಂಕಿಲ್ಲದ್ದು, ‘ನೇರ್ಮೈ’ ಎಂದರೆ ಪ್ರಾಮಾಣಿಕತೆ, ಮಲಯಾಳದಲ್ಲಿ ‘ನೇರು’ ಎಂದರೆ ಸತ್ಯ. ನಾವೂ ನೇರ ಮನುಷ್ಯ, ನೇರ ನುಡಿ ಎನ್ನುತ್ತೇವೆ. ಎಲ್ಲ ಕಡೆಯೂ ಅದು ವಸ್ತುವಿನ ಅಥವಾ ಮನುಷ್ಯನ ಸ್ವಂತ ಗುಣ. ‘ಡೈರೆಕ್ಟ್’ ಹಾಗಲ್ಲ. ಅದರ ಹಿಂದಿರುವುದು ಲ್ಯಾಟಿನ್ನಿನ ‘ಡಿರಿಗೆರೆ’, ಅಂದರೆ ನೆಟ್ಟಗೆ ನಡೆಸು, ದಾರಿ ತೋರಿಸು. ಅದರೊಳಗಿರುವ ‘ರೆಗೆರೆ’ ಎಂಬ ಧಾತುವಿಗೆ ಆಳು ಎಂಬ ಅರ್ಥವೂ ಇದೆ. ಸಂಸ್ಕೃತದ ‘ಋಜು’ ಕೂಡ ಇದೇ ಬೇರಿನದೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ನೇರಕ್ಕೆ ಯಾರ ಹಂಗೂ ಇಲ್ಲ, ಆದರೆ ಡೈರೆಕ್ಟ್ ಆಗಬೇಕಾದರೆ ನಡೆಸುವವರೊಬ್ಬರು ಇರಬೇಕು. ವಿಮಾನಯಾನದ ಮಟ್ಟಿಗಂತೂ ಇದು ಅಕ್ಷರಶಃ ನಿಜ.

ಹಾರಾಟ ಯೋಜನೆಯಲ್ಲಿ ಬರುವ ಡೈರೆಕ್ಟನ್ನು ಡಿಸಿಟಿ ಎಂದು ಬರೆಯುತ್ತಾರೆ. ನಕ್ಷೆಯಲ್ಲಿ ಗುರುತಿಸಿದ ಎರಡು ಬಿಂದುಗಳ ನಡುವೆ, ವಾಯುಮಾರ್ಗವನ್ನು (ಆಕಾಶದಲ್ಲಿ ಮೊದಲೇ ಗೊತ್ತುಮಾಡಿ ಹೆಸರಿಟ್ಟ ದಾರಿಯನ್ನು) ಹಿಡಿಯದೆ ಹೋಗುವ ತುಂಡು ದಾರಿಯನ್ನಷ್ಟೇ ಅದು ಸೂಚಿಸುತ್ತದೆ, ಇಡೀ ಪ್ರಯಾಣವನ್ನಲ್ಲ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿನ 2020ರ ಆವೃತ್ತಿಯಲ್ಲಿ ಎರಡು ನಿಲ್ದಾಣಗಳನ್ನು ಆರಿಸಿದ ಕೂಡಲೇ ‘ಡೈರೆಕ್ಟ್–ಜಿಪಿಎಸ್’ ಎಂಬ ಆಯ್ಕೆ ತಾನಾಗಿಯೇ ಬಂದು ಕೂರುತ್ತದೆ. ಅದರ ಕೆಳಗೇ ಇರುವ ಎತ್ತರದ ವಾಯುಮಾರ್ಗಗಳ ಆಯ್ಕೆಯನ್ನು ನಮ್ಮವರು ತಿರುಗಿಯೂ ನೋಡುವುದಿಲ್ಲ. ಬೆಂಗಳೂರು–ಮುಂಬೈ ನಡುವಿನ ಸುಮಾರು 830 ಕಿ.ಮೀ. ಉದ್ದದ ಆ ಗೆರೆ ಎಲ್ಲಿ ಹಾಯುತ್ತದೆಂದು ಒಮ್ಮೆ ಗಮನಿಸಬೇಕು: ನಮ್ಮ ಚಳ್ಳಕೆರೆಯ ಹತ್ತಿರವೇ. ಅಲ್ಲಿ ರಕ್ಷಣಾ ಸಂಶೋಧನೆಯ ಡಿಆರ್‌ಡಿಒ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯವಿದೆ. 2023ರ ಏಪ್ರಿಲ್ 2ರಂದು ಇಸ್ರೋ ತನ್ನ ಮರುಬಳಕೆಯ ಉಡ್ಡಯನ ವಾಹನವನ್ನು ಹೆಲಿಕಾಪ್ಟರಿನಿಂದ ಸುಮಾರು 4.5 ಕಿ.ಮೀ. ಎತ್ತರದಲ್ಲಿ ಬಿಟ್ಟು, ಅದು ತಾನಾಗಿಯೇ ರನ್‌ವೇಗೆ ಇಳಿಯುವಂತೆ ಮಾಡಿದ್ದು ಅಲ್ಲಿಯೇ. ಇಂಥ ಪರೀಕ್ಷೆಗಳ ಹೊತ್ತಿನಲ್ಲಿ ಸುತ್ತಲಿನ ಆಕಾಶವನ್ನು ಇತರ ವಿಮಾನಗಳಿಗೆ ಮುಚ್ಚಿ, ನೋಟಾಮ್ ಎಂಬ ಸೂಚನೆ ಹೊರಡಿಸುವುದು ವಾಡಿಕೆ. ನಕ್ಷೆಯ ಮೇಲೆ ಗೆರೆ ಎಳೆಯುವವರಿಗೆ ಇದೊಂದೂ ಕಾಣಿಸುವುದಿಲ್ಲ, ಚಳ್ಳಕೆರೆಗೆ ಬೈಕಿನಲ್ಲಿ ಹೋಗಿಬಂದವರಿಗೂ ಕೂಡ.

ಹಾಗೆಂದು ನಿಜವಾದ ವಿಮಾನಗಳು ಡೈರೆಕ್ಟ್ ಹೋಗುವುದೇ ಇಲ್ಲವೆಂದಲ್ಲ. ಯೋಜನೆಯಲ್ಲಿ ವಾಯುಮಾರ್ಗ ಬರೆದುಕೊಂಡು ಹೊರಟ ಪೈಲಟ್‌ಗೆ, ಮುಂದಿನ ದಟ್ಟಣೆಯನ್ನು ನೋಡಿ, ಇಂಥ ಬಿಂದುವಿಗೆ ಡೈರೆಕ್ಟ್ ಹೋಗಿ ಎಂದು ನೆಲದಿಂದ ವಿಮಾನ ಸಂಚಾರ ನಿಯಂತ್ರಕರು ಹೇಳುವುದುಂಟು. ನಡುವಿನ ಎರಡು ಮೂರು ಬಿಂದುಗಳು ಆಗ ಬಿಟ್ಟುಹೋಗುತ್ತವೆ, ಇಂಧನವೂ ಉಳಿಯುತ್ತದೆ. ರೂಟನ್ನು ನೈಜವಾಗಿ ಕಟ್ಟಬೇಕೆನ್ನುವವರು ಮೊದಲು ವಾಯುಮಾರ್ಗವನ್ನೇ ಹಾಕಿ, ನಿರ್ಗಮನ ಮತ್ತು ಆಗಮನದ ನಿಗದಿತ ವಿಧಾನಗಳನ್ನೂ ಸೇರಿಸಿ, ಡೈರೆಕ್ಟನ್ನು ಹಾರಾಟದ ನಡುವೆ ಕೇಳಿ ಪಡೆಯಬೇಕು. ಗೆಳೆಯರಿಗೆ ಇದನ್ನೆಲ್ಲ ಹೇಳಿದೆ. ಅವರು ಗೆರೆಯನ್ನು ಅಳಿಸಿದರು, ಆದರೆ ಹೊಸ ಯೋಜನೆಗೆ ಕೊಟ್ಟ ಹೆಸರು ಮಾತ್ರ ‘ಮುಂಬೈ ಡೈರೆಕ್ಟ್ 2’.